ಪರರ ಮಗುವಿಗೆ ಮಿಡಿದ ತಂದೆ – ಲೂಯಿ ಪಾಶ್ಚರ್

ಕಮ್ಮನಹಳ್ಳಿಯ ಗಲ್ಲಿಗಳಲ್ಲಿ ಸಂಜೆಯಾದರೆ ಆಡುವ ಮಕ್ಕಳೂ ಇರುತ್ತಾರೆ, ಬೀದಿ ನಾಯಿಗಳೂ ಇರುತ್ತವೆ. ಆಟದ ನಡುವೆ ನಾಯಿಯೊಂದು ಮಗುವಿನ ಕಾಲಿಗೆ ಬಾಯಿ ಹಾಕಿತು ಎನ್ನಿ. ಮನೆಯಲ್ಲಿ ಏನಾಗುತ್ತದೆ? ಅಜ್ಜಿ ಸುಣ್ಣ ತರಲು ಓಡುತ್ತಾರೆ. ಪಕ್ಕದ ಮನೆಯವರು ಕಾಫಿ ಪುಡಿ ಒತ್ತಿ ಎನ್ನುತ್ತಾರೆ. ಸಾಕಿದ ನಾಯಿ ತಾನೇ, ಏನೂ ಆಗದು ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಎಂಬ ಹಳೆಯ ಭಯವೂ ಪೂರ್ತಿ ಅಳಿದಿಲ್ಲ. ಆ ಗಳಿಗೆಯಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಮಗುವಿನ ಪ್ರಾಣ ನಿಂತಿರುತ್ತದೆ. ಈ ಸತ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಲೂಯಿ ಪಾಶ್ಚರ್ ಅವರ ಬಾಳು.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನ ಕಥೋಲಿಕ ಕುಟುಂಬದಲ್ಲಿ. ತಂದೆ ಚರ್ಮ ಹದ ಮಾಡುವ ಕಸುಬಿನವರು. ಬಾಲಕ ಬೆಳೆದದ್ದು ಆರ್ಬ್ವಾ ಎಂಬ ಪಟ್ಟಣದಲ್ಲಿ. 1831ರಲ್ಲಿ ಹುಚ್ಚು ಹಿಡಿದ ತೋಳವೊಂದು ಆ ಸೀಮೆಯ ಜನರನ್ನು ಕಚ್ಚಿತು. ಕಚ್ಚಿಸಿಕೊಂಡವರನ್ನು ಕಮ್ಮಾರನ ಅಂಗಡಿಗೆ ಕರೆತಂದು, ಕಾದ ಕಬ್ಬಿಣದಿಂದ ಗಾಯ ಸುಡುತ್ತಿದ್ದರು. ಆಗ ಅದೊಂದೇ ಚಿಕಿತ್ಸೆ. 8 ವರ್ಷದ ಲೂಯಿ ಅದನ್ನು ಕಂಡ, ಬಾಳಿಡೀ ಮರೆಯಲಿಲ್ಲ.

ಮುಂದೆ ಅವರು ವೈದ್ಯರಾಗಲಿಲ್ಲ, ರಸಾಯನ ಶಾಸ್ತ್ರಜ್ಞರಾದರು. 1849ರಲ್ಲಿ ಮರೀ ಲೋರಾಂ ಎಂಬಾಕೆಯನ್ನು ವಿವಾಹವಾದರು. ದಂಪತಿಗೆ ಐವರು ಮಕ್ಕಳು. 1859ರಲ್ಲಿ 9 ವರ್ಷದ ಹಿರಿಯ ಮಗಳು ಜಾನ್ ವಿಷಮಶೀತ ಜ್ವರದಿಂದ ತೀರಿಕೊಂಡಳು. 1865ರಲ್ಲಿ 2 ವರ್ಷದ ಕಮೀಯ್ ಹೋದಳು. ಮರುವರ್ಷವೇ 12 ವರ್ಷದ ಸೆಸೀಲ್ ಕೂಡ ವಿಷಮಶೀತಕ್ಕೆ ಬಲಿಯಾದಳು. 1868ರಲ್ಲಿ ಅವರಿಗೇ ಲಕ್ವ ಹೊಡೆದು ದೇಹದ ಎಡಭಾಗ ಸ್ವಾಧೀನ ತಪ್ಪಿತು. ಆಗ ಅವರಿಗೆ 45 ವರ್ಷ. ಇಷ್ಟೆಲ್ಲ ದುಃಖದ ನಡುವೆಯೂ ಅವರು ಕೆಲಸ ಬಿಡಲಿಲ್ಲ. ರೋಗಗಳಿಗೆ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳೇ ಕಾರಣ ಎಂಬುದನ್ನು ಸಾಧಿಸಿ ತೋರಿಸಿದವರಲ್ಲಿ ಅವರು ಮುಂಚೂಣಿಯವರು.

1885ರ ಜುಲೈ 4ರಂದು ಆಲ್ಸಾಸ್ ಸೀಮೆಯಲ್ಲಿ 9 ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನನ್ನು ಹುಚ್ಚು ನಾಯಿ ಕೆಡವಿ ಕಚ್ಚಿತು. ಮೈಮೇಲೆ 14 ಗಾಯಗಳು. ತಂದೆ ರೊಟ್ಟಿ ಸುಟ್ಟು ಮಾರುವ ಬಡವ. ತಾಯಿ ಅಳುತ್ತಾ ಕೂರಲಿಲ್ಲ. ಊರ ವೈದ್ಯರ ಸಲಹೆಯಂತೆ ಮಗನನ್ನು ಕರೆದುಕೊಂಡು ಜುಲೈ 6ರಂದು ಪ್ಯಾರಿಸಿನಲ್ಲಿ ಪಾಶ್ಚರ್ ಅವರ ಬಾಗಿಲಿಗೆ ಬಂದರು. ಪಾಶ್ಚರ್ ತೊಳಲಾಡಿದರು. ಒಣಗಿಸಿದ ಮೊಲದ ಬೆನ್ನುಹುರಿಯಿಂದ ತಯಾರಿಸಿದ ಆ ಲಸಿಕೆಯ ಪ್ರಯೋಗ ನಾಯಿಗಳ ಮೇಲೆ ನಡೆದಿತ್ತು, ಆದರೆ ಬಾಲಕನಿಗೆ ಕೊಟ್ಟ ಕ್ರಮದಲ್ಲಿ ಅದು ಪೂರ್ತಿ ಪರೀಕ್ಷೆಯಾಗಿರಲಿಲ್ಲ ಎಂದು ಅವರ ಟಿಪ್ಪಣಿ ಪುಸ್ತಕಗಳಿಂದ ನಂತರ ತಿಳಿದುಬಂದಿದೆ. ಆದರೂ ಸುಮ್ಮನಿದ್ದರೆ ಮಗು ಸಾಯುವುದೇ ಹೆಚ್ಚು ಸಂಭವ. ವುಲ್ಪಿಯಾ ಮತ್ತು ಗ್ರಾಂಷೆ ಎಂಬ ಇಬ್ಬರು ವೈದ್ಯರನ್ನು ಕೇಳಿ, ಅಂದು ಸಂಜೆಯೇ ಚಿಕಿತ್ಸೆ ಆರಂಭವಾಯಿತು. 10 ದಿನಗಳಲ್ಲಿ 13 ಚುಚ್ಚುಮದ್ದು. ಬಾಲಕ ಉಳಿದ. ಬೆಳೆದು ದೊಡ್ಡವನಾದ ಮೇಲೆ, 1888ರಲ್ಲಿ ತೆರೆದ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾಗಿ ಬಾಳಿದ.

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅದೇ ವರ್ಷ ನವೆಂಬರ್ 9ರಂದು ಲೂಯಿಸ್ ಪೆಲೆಟಿಯೇ ಎಂಬ 10 ವರ್ಷದ ಹುಡುಗಿಯನ್ನು ತಂದೆತಾಯಿ ಕರೆತಂದರು. ನಾಯಿ ಕಚ್ಚಿ ಆಗಲೇ 37 ದಿನಗಳಾಗಿದ್ದವು. ಗಾಯ ತಲೆಯ ಮೇಲಿತ್ತು. ಕಾಲ ಮೀರಿದೆ ಎಂದು ಪಾಶ್ಚರ್ ಅವರಿಗೆ ತಿಳಿದಿತ್ತು. ಮಗು ಸತ್ತರೆ ತಮ್ಮ ಲಸಿಕೆಗೆ ಕೆಟ್ಟ ಹೆಸರು ಬರುವುದೂ ತಿಳಿದಿತ್ತು. ಆದರೂ ಆ ಹೆತ್ತವರನ್ನು ಬರಿಗೈಯಲ್ಲಿ ಕಳುಹಿಸಲು ಅವರ ಮನಸ್ಸು ಒಪ್ಪಲಿಲ್ಲ. ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡ ತಂದೆ ಮತ್ತೇನು ಮಾಡಿಯಾರು? ಡಿಸೆಂಬರ್ 3ರಂದು ಹುಡುಗಿ ತೀರಿಕೊಂಡಳು. ತನ್ನ ಹೆಸರಿಗಿಂತ ಪರರ ಮಗು ದೊಡ್ಡದು ಎಂದು ಬಗೆದ ಮನುಷ್ಯನನ್ನು ನಾವು ಇಲ್ಲಿ ಕಾಣುತ್ತೇವೆ. ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ಕಣ್ಣುಮುಚ್ಚಿದರು. ನೋತ್ರ್ ದಾಮ್ ದೇವಾಲಯದಲ್ಲಿ ಅಂತ್ಯವಿಧಿ ನಡೆಯಿತು. ಆ ದಿನವನ್ನೇ ಈಗ ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ.

ಅವರ ಹೆಸರಿನ ಸಂಸ್ಥೆ 1907ರಲ್ಲಿ ನಮ್ಮ ದಕ್ಷಿಣದ ಕೂನೂರಿಗೂ ಬಂತು. ಇಂದು ಅಷ್ಟು ದೂರ ಹೋಗಬೇಕಿಲ್ಲ. ಕಮ್ಮನಹಳ್ಳಿಯಿಂದ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಎಷ್ಟು ದೂರ? ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆಯೂ ಉಚಿತ. ಹೊಕ್ಕಳ ಸುತ್ತ ಚುಚ್ಚುವ ಕಾಲ ಹೋಯಿತು. ಈಗ ತೋಳಿಗೆ ಕೆಲವೇ ಚುಚ್ಚುಮದ್ದು. ನಾಯಿ ಕಚ್ಚಿದರೆ, ಪರಚಿದರೂ ಸರಿ, ಮರಿಯಾದರೂ ಸರಿ, ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಬೇಡ. ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯವಾದರೆ, ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಮದ್ದಿನ ಬಗ್ಗೆಯೂ ವೈದ್ಯರನ್ನು ಕೇಳಿ. ಹೇಳಿದ ದಿನಗಳಂದು ಉಳಿದ ಚುಚ್ಚುಮದ್ದನ್ನು ತಪ್ಪಿಸಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ಇನ್ನೊಂದು ಮಾತು. ಬೈಗುಳಕ್ಕೂ ಸೂಜಿಗೂ ಹೆದರಿ ಎಷ್ಟೋ ಮಕ್ಕಳು ನಾಯಿ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಕ್ಕಳಿಗೆ ಹೇಳಿ: ನಾಯಿ ಕಚ್ಚಿದರೆ ಬಂದು ಹೇಳು, ಯಾರೂ ಬೈಯುವುದಿಲ್ಲ. ಪ್ರಾರ್ಥನೆ ಖಂಡಿತ ಬೇಕು. ಆದರೆ ಅದನ್ನು ಆಸ್ಪತ್ರೆಯ ದಾರಿಯಲ್ಲೇ ಮಾಡಿ. ಮೈಸ್ಟರನ ತಾಯಿ ತಡಮಾಡಲಿಲ್ಲ, ನಾವೂ ತಡಮಾಡದಿರೋಣ.