ಬಾಟಲಿ ತೊಳೆಯೋದನ್ನ ನೋಡಿ ಬಂದು ಬರೆದವನು

ಜಾಹೀರಾತು ಬರೆಯೋರಿಗೆ ಕೆಲಸ ಕೊಟ್ಟ ಕಂಪನಿ ಶುರುವಲ್ಲೇ ಹೇಳಬೇಕಾದ ವಿವರಕ್ಕೆ ಬ್ರೀಫ್ ಅಂತಾರೆ. ನಾವು ಸಾಫ್ಟ್‌ವೇರ್ ಕ್ಲಾಸಲ್ಲಿ ರಿಕ್ವೈರ್‌ಮೆಂಟ್ಸ್ ಅಂತ ಓದ್ತೀವಲ್ಲ, ಹೆಚ್ಚುಕಮ್ಮಿ ಅದೇ. ಯಾರೂ ಸರಿಯಾಗಿ ಹೇಳದಿದ್ದಾಗ ತಾನೇ ಹೋಗಿ ಕೇಳಿ ತಿಳ್ಕೊಂಡವನು ಅಮೆರಿಕದ ಕ್ಲೌಡ್ ಹಾಪ್ಕಿನ್ಸ್.

ಹುಟ್ಟಿದ್ದು 1866ರಲ್ಲಿ, ಮಿಶಿಗನ್ ರಾಜ್ಯದಲ್ಲಿ. ಅಪ್ಪ ಬೇಗ ತೀರಿಕೊಂಡರು. ಮಗ ಪಾದ್ರಿ ಆಗಲಿ ಅಂತ ಅಮ್ಮನ ಆಸೆ. ಆದರೆ ಹುಡುಗ ಹೋಗಿ ಸೇರಿದ್ದು ಬಿಸೆಲ್ ಕಂಪನಿಯಲ್ಲಿ ಲೆಕ್ಕ ಬರೆಯೋಕೆ. ಕೈಯಲ್ಲಿ ತಳ್ಳಿ ಕಾರ್ಪೆಟ್ ಗುಡಿಸೋ ಯಂತ್ರ ಮಾಡ್ತಿದ್ದ ಕಂಪನಿ ಅದು. ಅವರಿಗೆ ಆ ಕಾಲದ ದೊಡ್ಡ ಹೆಸರು ಜಾನ್ ಪವರ್ಸ್ ಒಂದು ಕರಪತ್ರ ಬರೆದುಕೊಟ್ಟಿದ್ದರು. ಓದಿದ ಹಾಪ್ಕಿನ್ಸ್, ಬರೆದವರಿಗೆ ಈ ಯಂತ್ರವೂ ಗೊತ್ತಿಲ್ಲ, ಇದನ್ನ ಕೊಳ್ಳೋ ಹೆಂಗಸರೂ ಗೊತ್ತಿಲ್ಲ ಅಂದುಬಿಟ್ಟ. ಲೆಕ್ಕದ ಗುಮಾಸ್ತನಿಗೆ ಎಂಥ ಧೈರ್ಯ ನೋಡಿ! ಕೊನೆಗೆ ಇವನು ಬರೆದದ್ದನ್ನೇ ಕಂಪನಿ ಒಪ್ಪಿಕೊಳ್ತು.

ನಮಗೆ ಇಷ್ಟವಾದದ್ದು ಮಿಲ್ವಾಕಿಯ ಶ್ಲಿಟ್ಜ್ ಬಿಯರ್ ಕಥೆ. ಆಗ ಎಲ್ಲ ಬಿಯರ್ ಕಂಪನಿಗಳೂ ನಮ್ಮದು ಶುದ್ಧ, ನಮ್ಮದು ಶುದ್ಧ ಅಂತ ಕೂಗ್ತಿದ್ವು. ಶ್ಲಿಟ್ಜ್ ಐದನೇ ಸ್ಥಾನದಲ್ಲಿತ್ತು. ಹಾಪ್ಕಿನ್ಸ್ ಪೆನ್ನು ಮುಟ್ಟೋ ಮೊದಲು ಕಾರ್ಖಾನೆ ಸುತ್ತಿದ. ಗಾಜಿನ ಕೋಣೆಗಳಲ್ಲಿ, ಸೋಸಿದ ಗಾಳಿಯಲ್ಲಿ ಬಿಯರ್ ತಣ್ಣಗಾಗ್ತಿತ್ತು. ಬಾಟಲಿಗಳನ್ನ ಮೆಷಿನ್‌ನಲ್ಲಿ ನಾಲ್ಕು ಸಲ ತೊಳೀತಿದ್ರು. ಪಕ್ಕದಲ್ಲೇ ಮಿಶಿಗನ್ ಸರೋವರ ಇದ್ರೂ ಶುದ್ಧ ನೀರಿಗಂತ 4,000 ಅಡಿ ಆಳದ ಬಾವಿ ಕೊರೆಸಿದ್ರು. ಇದನ್ನೆಲ್ಲ ಯಾಕೆ ಜನರಿಗೆ ಹೇಳಲ್ಲ ಅಂತ ಕೇಳಿದ್ರೆ, ಎಲ್ಲರೂ ಹೀಗೇ ತಾನೇ ಮಾಡೋದು ಅನ್ನೋ ಉತ್ತರ ಬಂತು. ಅವರಿಗೆ ದಿನಾ ನೋಡಿ ಸಪ್ಪೆಯಾಗಿದ್ದ ವಿಷಯ, ಹೊರಗಿನವರಿಗೆ ಗೊತ್ತೇ ಇರಲಿಲ್ಲ! ಹಾಪ್ಕಿನ್ಸ್ ಅದನ್ನೇ ಬರೆದ. ಕೆಲವೇ ತಿಂಗಳಲ್ಲಿ ಶ್ಲಿಟ್ಜ್ ಮೊದಲ ಸ್ಥಾನಕ್ಕೆ ಸರಿಸಮ ಬಂತು ಅಂತ ಅವನೇ ಆತ್ಮಕಥೆಯಲ್ಲಿ ಹೇಳ್ಕೊಂಡಿದ್ದಾನೆ.

ಎಲ್ಲರೂ ಮಾಡೋದನ್ನ ಒಬ್ಬರದೇ ವಿಶೇಷ ಅನ್ನೋ ಹಾಗೆ ತೋರಿಸೋದು ಸರಿಯಾ ಅಂತ ನಮ್ಮ ಕ್ಲಬ್‌ನಲ್ಲಿ ಜಗಳವೇ ಆಯ್ತು. ಬರೆದದ್ದರಲ್ಲಿ ಸುಳ್ಳೇನಿಲ್ಲ ಅನ್ನೋದು ನಮ್ಮಲ್ಲಿ ಹೆಚ್ಚಿನವರ ವಾದ. ಆದರೆ ಇದೇ ಮನುಷ್ಯ ಡಾಕ್ಟರ್ ಶೂಪ್ ಅನ್ನೋರ ಪೇಟೆಂಟ್ ಔಷಧಿಗಳಿಗೂ ಜಾಹೀರಾತು ಬರೆದಿದ್ದ. ಅದನ್ನ ಮೆಚ್ಚೋಕೆ ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಆಮೇಲೆ ಶಿಕಾಗೋದ ಲಾರ್ಡ್ ಅಂಡ್ ಥಾಮಸ್ ಏಜೆನ್ಸಿ ಅವನನ್ನ ಕರೆಸಿಕೊಳ್ತು. ಸಂಬಳ ವರ್ಷಕ್ಕೆ 1,85,000 ಡಾಲರ್‌ಗೆ ಏರ್ತು, ನೂರು ವರ್ಷದ ಹಿಂದೆ! ಪೆಪ್ಸೊಡೆಂಟ್ ಕೆಲಸ ಬಂದಾಗ ಹಲ್ಲಿನ ಬಗ್ಗೆ ಬೋರು ಹೊಡೆಸೋ ವೈದ್ಯಕೀಯ ಪುಸ್ತಕಗಳನ್ನ ರಾಶಿ ಹಾಕ್ಕೊಂಡು ಓದಿದ. ಹಲ್ಲಿನ ಮೇಲೆ ಕೂರೋ ತೆಳು ಪದರದ ವಿಷಯ ಸಿಕ್ಕಿದ್ದು ಅಲ್ಲೇ, ಜಾಹೀರಾತು ಹುಟ್ಟಿದ್ದೂ ಅದರಿಂದಲೇ.

1923ರಲ್ಲಿ 'ಸೈಂಟಿಫಿಕ್ ಅಡ್ವರ್ಟೈಸಿಂಗ್' ಪುಸ್ತಕ ಬರೆದ, 1932ರಲ್ಲಿ ತೀರಿಕೊಂಡ. ಆ ಪುಸ್ತಕವನ್ನ ಏಳು ಸಲ ಓದದವರು ಈ ಕೆಲಸಕ್ಕೇ ಬರಬಾರದು ಅಂತ ಡೇವಿಡ್ ಓಗಿಲ್ವಿ ಹೇಳ್ತಿದ್ದರಂತೆ. ತೆಳ್ಳಗಿನ ಪುಸ್ತಕ. ನಾವು ಒಂದು ಸಲ ಮುಗಿಸಿದ್ದೀವಿ, ಇನ್ನು ಆರು ಸಲ ಬಾಕಿ.