ಲಿಚಾ ಅಜ್ಜಿ ಕಾಯ್ದಿಟ್ಟ ಹೆಸರು

ಶಾಲೆಯ ದಾಖಲೆ ಪ್ರಕಾರ ನಾನು ಹುಟ್ಟಿದ್ದು ಜೂನ್ 1. ನನ್ನ ತಮ್ಮನೂ ಜೂನ್ 1, ನಮ್ಮ ಓಣಿಯ ಅರ್ಧ ಹುಡುಗರೂ ಜೂನ್ 1. ಒಂದನೇ ಕ್ಲಾಸಿಗೆ ಹೆಸರು ಹಚ್ಚುವಾಗ ಮಾಸ್ತರು ಬರೆದುಕೊಂಡ ತಾರೀಖು ಅದು. ದೇವದುರ್ಗದಲ್ಲಿರುವ ನಮ್ಮ ಆಯಿ ಮಾತ್ರ ಇದನ್ನು ಒಪ್ಪುವುದಿಲ್ಲ. ನಾನು ಹುಟ್ಟಿದ್ದು ಸೀಗಿ ಹುಣ್ಣಿಮೆಯ ಮರುದಿನ, ನಸುಕಿನಲ್ಲಿ ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಾಳೆ. ನನ್ನ ಮೂಗು ಯಾರದು, ಸಿಟ್ಟು ಯಾರದು ಎಂಬುದೂ ಆಕೆಗೆ ಬಾಯಿಪಾಠ.

ರಾಯಚೂರಿನ ಹಾಸ್ಟೆಲ್‌ನಲ್ಲಿ ಪರೀಕ್ಷೆಗೆಂದು ಓದುತ್ತಿದ್ದಾಗ ಅರ್ಜೆಂಟೀನಾದ ಒಬ್ಬ ಅಜ್ಜಿಯ ಬದುಕು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಆ ದೇಶವೆಂದರೆ ನನಗೆ ಮೆಸ್ಸಿ ಅಷ್ಟೇ. ಓದಿದ ಮೇಲೆ ಎರಡು ದಿನ ಪುಸ್ತಕ ಮುಂದಕ್ಕೆ ಹೋಗಲಿಲ್ಲ.

ಆ ಅಜ್ಜಿಯ ಹೆಸರು ಅಲಿಸಿಯಾ ದೆ ಲಾ ಕ್ವಾದ್ರಾ. ಎಲ್ಲರೂ ಕರೆಯುತ್ತಿದ್ದುದು ಲಿಚಾ ಎಂದು. ಹುಟ್ಟಿದ್ದು 1915ರಲ್ಲಿ. ಲಾ ಪ್ಲಾತಾ ನಗರದಲ್ಲಿ ಐದು ಮಕ್ಕಳನ್ನು ಬೆಳೆಸಿದ ಗೃಹಿಣಿ. ರಾಜಕೀಯ ಮಕ್ಕಳಿಗಿತ್ತು, ಅವರಿಗಿರಲಿಲ್ಲ. ನಮ್ಮಲ್ಲಿ ತುರ್ತು ಪರಿಸ್ಥಿತಿ ನಡೆದಿದ್ದ ಹೊತ್ತಿನಲ್ಲೇ, 1976ರ ಮಾರ್ಚ್ 24ರಂದು ಅಲ್ಲಿ ಸೇನೆ ಅಧಿಕಾರ ಹಿಡಿಯಿತು. ವಿರೋಧಿಗಳೆಂದು ಅನುಮಾನ ಬಂದವರನ್ನು ಮನೆಯಿಂದ, ಬೀದಿಯಿಂದ ಎತ್ತಿಕೊಂಡು ಹೋಗತೊಡಗಿದರು. ಬಂಧನ ಎಂದೂ ಹೇಳಲಿಲ್ಲ, ಸತ್ತರು ಎಂದೂ ಹೇಳಲಿಲ್ಲ. ಕಾಣೆಯಾದವರು, ಅಷ್ಟೇ. ಅಂಥವರು 30 ಸಾವಿರ ಎಂದು ಅಲ್ಲಿಯ ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ.

ಲಿಚಾ ಅವರ ಮಗ ಹೋದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. 1977ರ ಫೆಬ್ರುವರಿಯಲ್ಲಿ ಮಗಳು ಎಲೆನಾ, ಆಕೆಯ ಸಂಗಾತಿ ಹೆಕ್ಟರ್. ಎಲೆನಾಗೆ ಆಗ ಐದು ತಿಂಗಳು. ಜೂನ್ 16ರಂದು ಲಾ ಪ್ಲಾತಾದ ಪೊಲೀಸ್ ಠಾಣೆಯೊಂದರಲ್ಲಿ ಆಕೆಗೆ ಹೆಣ್ಣು ಮಗು ಹುಟ್ಟಿತು. ಹಡೆದವಳು ಅದಕ್ಕೆ ಅನಾ ಲಿಬರ್ತಾದ್ ಎಂದು ಹೆಸರಿಟ್ಟಳು. ಲಿಬರ್ತಾದ್ ಅಂದರೆ ಸ್ವಾತಂತ್ರ್ಯ. ಕೈದಿಯಾಗಿದ್ದುಕೊಂಡು ಇಟ್ಟ ಹೆಸರು! ಕೆಲವೇ ದಿನಗಳಲ್ಲಿ ಮಗುವನ್ನು ಒಯ್ದರು. ಬದುಕಿ ಹೊರಬಂದವರ ಬಾಯಿಂದ ಈ ಸುದ್ದಿ ಅಜ್ಜಿಗೆ ಮುಟ್ಟಿತು. ಎಲೆನಾ ಮರಳಲಿಲ್ಲ.

ಹೀಗೆ ಕದ್ದ ಮಕ್ಕಳು ಸುಮಾರು 500 ಎಂಬ ಅಂದಾಜಿದೆ. ಸುಳ್ಳು ಜನನ ಪತ್ರ ಮಾಡಿಸಿ, ಸೈನಿಕರ ಮನೆಗಳಿಗೆ, ಅವರಿಗೆ ಬೇಕಾದವರ ಮನೆಗಳಿಗೆ ಕೊಟ್ಟರು. ತಂದೆತಾಯಿಯನ್ನು ಕೊಂದವರ ಮಡಿಲಲ್ಲೇ ಬೆಳೆದ ಮಕ್ಕಳೂ ಇದ್ದಾರೆ. ಲಿಚಾ ಕುಟುಂಬ ಚರ್ಚಿನ ಮೂಲಕ ವಿಚಾರಿಸಿತು. ಮಗು ಒಳ್ಳೆಯ ಮನೆಯಲ್ಲಿದೆ, ಇನ್ನು ಮರಳಿ ಸಿಗುವುದಿಲ್ಲ ಎಂಬ ಉತ್ತರ ಬಂತು.

ಅವರು ಸುಮ್ಮನೆ ಕೂರಲಿಲ್ಲ. ಅಷ್ಟರಲ್ಲಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ, ಅಧ್ಯಕ್ಷರ ಅರಮನೆಯ ಎದುರೇ, ತಾಯಂದಿರು ಪ್ರತಿ ಗುರುವಾರ ಸುತ್ತುಹಾಕತೊಡಗಿದ್ದರು. ಗುಂಪಾಗಿ ನಿಲ್ಲಬೇಡಿ, ನಡೆಯಿರಿ ಎಂದು ಪೊಲೀಸರು ಗದರಿಸಿದ್ದಕ್ಕೆ ನಡೆಯುತ್ತಲೇ ಉಳಿದರು. ತಲೆಗೆ ಬಿಳಿ ಬಟ್ಟೆ, ಮೊದಲು ಕಟ್ಟಿದ್ದು ಎಳೆಮಕ್ಕಳ ಲಂಗೋಟಿಯ ಬಟ್ಟೆಯನ್ನಂತೆ. ಅವರಲ್ಲಿ ಮೊಮ್ಮಕ್ಕಳನ್ನೂ ಕಳೆದುಕೊಂಡ ಹನ್ನೆರಡು ಮಂದಿ 1977ರಲ್ಲೇ ಅಜ್ಜಿಯರ ಸಂಘ ಕಟ್ಟಿದರು. ಅರವತ್ತು ದಾಟಿದ ಲಿಚಾ ಅದರ ಮೊದಲ ಅಧ್ಯಕ್ಷೆ. ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಹುಟ್ಟುಹಬ್ಬಕ್ಕೆ ಸೇರಿದವರಂತೆ ನಟಿಸುತ್ತ, ಗುಟ್ಟಿನ ಮಾತುಗಳಲ್ಲಿ ವಿಷಯ ದಾಟಿಸುತ್ತಿದ್ದರು. 1978ರಲ್ಲಿ ಅದೇ ದೇಶದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದು, ಆತಿಥೇಯರೇ ಗೆದ್ದರು. ಫೈನಲ್ ನಡೆದ ಕ್ರೀಡಾಂಗಣದ ಹತ್ತಿರದಲ್ಲೇ ನೌಕಾಪಡೆಯ ಚಿತ್ರಹಿಂಸೆ ಕೇಂದ್ರವಿತ್ತು. ಕೈದಿಗಳು ಹೆರುತ್ತಿದ್ದ ಕೋಣೆಯೂ ಅಲ್ಲಿತ್ತು. ಮೆಸ್ಸಿ ಅಭಿಮಾನಿಯಾದ ನನಗೆ ಇದು ಗೊತ್ತಿರಲಿಲ್ಲ.

ಸಿಕ್ಕರೂ ಗುರುತಿಸುವುದು ಹೇಗೆ? ಅಜ್ಜಿಯರಲ್ಲಿ ಹಲವರು ಮೊಮ್ಮಗುವಿನ ಮುಖವನ್ನೇ ನೋಡಿರಲಿಲ್ಲ. ತಂದೆತಾಯಿ ಇಲ್ಲದೆ ರಕ್ತದಿಂದಲೇ ನಂಟು ಸಾಬೀತು ಮಾಡಬಹುದೇ ಎಂದು ದೇಶ ದೇಶದ ವಿಜ್ಞಾನಿಗಳನ್ನು ಕೇಳಿಕೊಂಡು ತಿರುಗಿದರು. ಅಮೆರಿಕದ ಮೇರಿ ಕ್ಲೇರ್ ಕಿಂಗ್ ಮುಂತಾದವರು ಉತ್ತರ ಹುಡುಕಿಕೊಟ್ಟರು. ನಮ್ಮ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಆದ್ದರಿಂದ ತಾಯಿಯ ತಾಯಿಯಲ್ಲೂ ಮೊಮ್ಮಗುವಿನಲ್ಲೂ ಅದು ಒಂದೇ. ನಡುವಿನವಳನ್ನು ಕೊಂದರೂ ಆ ಎಳೆ ಕಡಿಯುವುದಿಲ್ಲ. ಪಿಯುಸಿಯಲ್ಲಿ ಎರಡು ಅಂಕಕ್ಕೆಂದು ಉರು ಹೊಡೆದಿದ್ದ ಪಾಠ ಇದು. ಸೇನಾಡಳಿತ 1983ರಲ್ಲಿ ಕೊನೆಯಾಗಿ, 1987ರಲ್ಲಿ ಕಾನೂನು ಮಾಡಿ ರಾಷ್ಟ್ರೀಯ ವಂಶವಾಹಿ ಬ್ಯಾಂಕ್ ತೆರೆದರು. ತಾವು ಸತ್ತರೂ ಹುಡುಕಾಟ ನಿಲ್ಲಬಾರದೆಂದು ಅಜ್ಜಿಯರು ಅಲ್ಲಿ ರಕ್ತ ಕೊಟ್ಟಿಟ್ಟರು.

ನ್ಯಾಯ ಸ್ವಲ್ಪ ಸ್ವಲ್ಪವೇ ಬಂತು. ಆ ಠಾಣೆಗೆ ಹೋಗಿಬರುತ್ತಿದ್ದ ಪಾದ್ರಿ ಫಾನ್ ವೆರ್ನಿಚ್‌ಗೆ 2007ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮರುವರ್ಷ ಜೂನ್ 1ರಂದು ಲಿಚಾ ತೀರಿಕೊಂಡರು. 92 ವರ್ಷವಾಗಿತ್ತು. ಮೂವತ್ತು ವರ್ಷ ಹುಡುಕಿದ್ದ ಮೊಮ್ಮಗಳು ಸಿಕ್ಕಿರಲಿಲ್ಲ.

ಆರು ವರ್ಷಗಳ ನಂತರ, 2014ರ ಆಗಸ್ಟ್‌ನಲ್ಲಿ, ಯುರೋಪಿನಲ್ಲಿ ನೆಲೆಸಿದ್ದ 37ರ ಮಹಿಳೆಯೊಬ್ಬರ ರಕ್ತದ ಮಾದರಿ ಬ್ಯಾಂಕಿನಲ್ಲಿದ್ದ ಕುಟುಂಬದ ಮಾದರಿಗೆ ತಾಳೆಯಾಯಿತು. ಅನಾ ಲಿಬರ್ತಾದ್! ಇದುವರೆಗೆ ಹೀಗೆ ಪತ್ತೆಯಾದವರು ಸುಮಾರು 140. ಲಿಚಾರ ಜೊತೆ ಸಂಘ ಕಟ್ಟಿದ ಚಿಚಾ ಮರಿಯಾನಿ ಅವರ ಮೊಮ್ಮಗಳು ಆ ಪಟ್ಟಿಯಲ್ಲಿಲ್ಲ. ಚಿಚಾ 2018ರಲ್ಲಿ ತೀರಿಕೊಂಡರು. ಉಳಿದವರು ಈಗ ನಲವತ್ತೈದು ದಾಟಿದವರು, ಇನ್ನೊಬ್ಬರ ಹೆಸರು ಹೊತ್ತು ಎಲ್ಲೋ ಇದ್ದಾರೆ.

ಕಳೆದ ಸಲ ಊರಿಗೆ ಹೋದಾಗ ಇದನ್ನೆಲ್ಲ ಆಯಿಗೆ ಹೇಳಿದೆ. ಆಕೆ ಕಡಲೆ ಹಸನು ಮಾಡುತ್ತಿದ್ದಳು. ಮುದುಕಿ ಆ ಹುಡುಗಿಯ ಮುಖ ನೋಡಿದಳೋ ಇಲ್ಲೋ ಎಂದು ಕೇಳಿದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ಮೊರ ಆಡಲಿಲ್ಲ. ಆಮೇಲೆ, ತಾಯಿ ಇಟ್ಟ ಹೆಸರು ಹುಡುಗಿಗೆ ಮುಟ್ಟಿತೇ ಎಂದು ಕೇಳಿದಳು. ಮುಟ್ಟಿತು ಎಂದೆ. ಸೆರಗು ಸರಿಮಾಡಿಕೊಂಡು ಮತ್ತೆ ಮೊರ ಎತ್ತಿಕೊಂಡಳು.