ಚಾರ್ಲ್ಸ್ ಲ್ಯಾಂಬನೂ ಆತನ ಅಕ್ಕನೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳನ್ನು ಮೊದಲು ಅರಿತದ್ದು ಲ್ಯಾಂಬನ ಕಥೆಗಳಿಂದಲೇ. 1807ನೆಯ ಇಸವಿಯಲ್ಲಿ ಆ ಪುಸ್ತಕವು ಹೊರಬಂದಾಗ ಅದರ ಮುಖಪತ್ರದಲ್ಲಿ ಚಾರ್ಲ್ಸ್ ಲ್ಯಾಂಬನ ಹೆಸರೊಂದೇ ಅಚ್ಚಾಗಿದ್ದಿತು. ಅದರ 20 ಕಥೆಗಳಲ್ಲಿ 14ನ್ನು ಬರೆದವಳಾದರೋ ಆತನ ಅಕ್ಕ ಮೇರಿ. ಲೋಕವನ್ನು ನಗಿಸಿದ ತಮ್ಮನು ದುಃಖಾಂತದ 6 ಕಥೆಗಳನ್ನು ತಾನಿಟ್ಟುಕೊಂಡು ವಿನೋದದವುಗಳನ್ನು ಅಕ್ಕನಿಗೆ ಬಿಟ್ಟುಕೊಟ್ಟನೆಂಬುದು ನಮಗೆ ಸೋಜಿಗವಾಗಿ ತೋರುತ್ತದೆ.

ಚಾರ್ಲ್ಸನು 1775ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದನು. ತಂದೆಯು ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದನು. ಬಾಲಕನು ಓದಿನಲ್ಲಿ ಜಾಣನಾಗಿದ್ದರೂ ಮಾತು ತೊದಲುತ್ತಿದ್ದುದರಿಂದ ವಿಶ್ವವಿದ್ಯಾಲಯವನ್ನು ಸೇರಲಾಗಲಿಲ್ಲ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತನಾದನು. ನಮ್ಮ ದೇಶದಿಂದ ಹೋದ ಸರಕುಗಳ ಲೆಕ್ಕವನ್ನು 33 ವರುಷ ಬರೆದ ಕೈಯೇ ಮುಂದೆ ಈಲಿಯನ ಪ್ರಬಂಧಗಳನ್ನೂ ಬರೆಯಿತು.

1796ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಆ ಮನೆಗೆ ಬಂದ ವಿಪತ್ತನ್ನು ಹೇಳುವುದಕ್ಕೆ ನಮ್ಮ ಲೇಖನಿಯು ಹಿಂಜರಿಯುತ್ತದೆ. ಹಗಲಿರುಳು ಹೊಲಿಗೆಯ ಕೆಲಸದಿಂದಲೂ ರೋಗಿಯಾದ ತಾಯಿಯ ಶುಶ್ರೂಷೆಯಿಂದಲೂ ಬಳಲಿದ್ದ ಮೇರಿಯು ಚಿತ್ತಭ್ರಮೆಯ ಆವೇಶದಲ್ಲಿ ಆ ತಾಯಿಯನ್ನೇ ಕತ್ತಿಯಿಂದ ಇರಿದು ಕೊಂದಳು. ಆಗ ಚಾರ್ಲ್ಸನಿಗೆ 21 ವರುಷ. ಆಕೆಯನ್ನು ಬದುಕಿರುವ ತನಕ ಹುಚ್ಚರ ಆಸ್ಪತ್ರೆಯಲ್ಲಿಯೇ ಬಿಟ್ಟುಬಿಡಬಹುದಾಗಿತ್ತು. ಆತನು ಹಾಗೆ ಮಾಡದೆ ತಾನೇ ಹೊಣೆಯಾಗಿ ಮನೆಗೆ ಕರೆತಂದನು. ಮದುವೆಯಾಗದೆ ಆಕೆಯೊಡನೆಯೇ ಬಾಳಿದನು. ರೋಗವು ಮರುಕಳಿಸುವ ಸೂಚನೆ ಕಂಡಾಗ ಅಕ್ಕತಮ್ಮಂದಿರು ಕೈಹಿಡಿದು ಅಳುತ್ತ ಆಸ್ಪತ್ರೆಯ ದಾರಿಯನ್ನು ನಡೆಯುತ್ತಿದ್ದರು. ಗುಣವಾದ ಮೇಲೆ ಆಕೆಯು ವಿವೇಕವುಳ್ಳ ಗೃಹಿಣಿಯೂ ಅತಿಥಿಗಳಿಗೆ ಪ್ರಿಯಳೂ ಆಗಿದ್ದಳು.

ಇಂಥವನ ನಗೆಯು ಯಾರನ್ನೂ ಚುಚ್ಚುವಂಥದಾಗಿರಲಿಲ್ಲ. ಕಚೇರಿಗೆ ತಡವಾಗಿ ಬರುತ್ತೀಯೆಂದು ಮೇಲಧಿಕಾರಿಯು ಆಕ್ಷೇಪಿಸಲು, ಅದಕ್ಕೆ ಸರಿದೂಗುವಂತೆ ಬೇಗನೆ ಮನೆಗೆ ಹೋಗುತ್ತೇನಲ್ಲಾ ಎಂದು ಆತನು ಸಮಾಧಾನ ಹೇಳಿದನಂತೆ. (ನಮ್ಮ ಪಾಠಶಾಲೆಯಲ್ಲಿ ಈ ಉತ್ತರವು ಸಲ್ಲದೆಂಬುದನ್ನು ತಾಯಿತಂದೆಗಳು ಬಲ್ಲರು.) 1806ರಲ್ಲಿ ಆತನ ಪ್ರಹಸನವೊಂದನ್ನು ಡ್ರೂರಿ ಲೇನ್ ರಂಗಶಾಲೆಯಲ್ಲಿ ಆಡಿದಾಗ ಪ್ರೇಕ್ಷಕರು ಬುಸುಗುಟ್ಟಿ ಹಳಿದರು. ಸಭೆಯಲ್ಲಿ ಕುಳಿತಿದ್ದ ಲ್ಯಾಂಬನೂ ಅವರೊಡನೆ ಸೇರಿ ಬುಸುಗುಟ್ಟಿದನು! ತನ್ನ ಸೋಲನ್ನು ತಾನೇ ನಗಬಲ್ಲವರು ಎಷ್ಟು ಮಂದಿ?

1820ರಿಂದ ಬರೆದ ಪ್ರಬಂಧಗಳಲ್ಲಿ ಆತನು ಈಲಿಯನೆಂಬ ಹೆಸರಿನಲ್ಲಿ ಅಡಗಿಕೊಂಡು, ಮೇರಿಯನ್ನು ಬ್ರಿಜೆಟ್ ಎಂಬ ಸೋದರಸಂಬಂಧಿಯನ್ನಾಗಿ ಮಾಡಿ ಆಕೆಯ ಅಭಿರುಚಿಗಳನ್ನೂ ಹಟಗಳನ್ನೂ ಅಕ್ಕರೆಯಿಂದ ವರ್ಣಿಸಿದನು. ಆ ಮನೆಯ ದುಃಖವನ್ನು ಅಲ್ಲಿ ಬಯಲುಮಾಡಲಿಲ್ಲ.

1834ನೆಯ ಡಿಸೆಂಬರಿನಲ್ಲಿ, ನಡೆಯುತ್ತಿರುವಾಗ ಬಿದ್ದು ಮುಖಕ್ಕಾದ ಗಾಯವು ವಿಷಮಿಸಿ, ಆತನು ಎಡ್ಮಂಟನ್ ಗ್ರಾಮದಲ್ಲಿ ತೀರಿಕೊಂಡನು. ಅಕ್ಕನು 1847ರ ತನಕ ಬದುಕಿದ್ದಳು. ಆಕೆಯನ್ನೂ ಅದೇ ಸಮಾಧಿಯಲ್ಲಿ, ತಮ್ಮನೊಡನೆ ಇರಿಸಿದರು.